ಮೀನಿನ ತೊಟ್ಟಿಯ ಫಿಲ್ಟರಿಗೆ ಏನು ತುಂಬಬೇಕು?

 

ನಮ್ಮ ವಿಜ್ಞಾನದ ಕೊಠಡಿಗೆ ಗಾಜಿನ ತೊಟ್ಟಿ ಬಂದಿರುವುದು ನಿಮಗೆಲ್ಲ ಗೊತ್ತೇ ಇದೆ. ಹಳೆಯದಾದರೂ ಸೋರುತ್ತಿಲ್ಲ. ಬರುವ ಶನಿವಾರ ನೀರು ತುಂಬಿ ಅವತ್ತೇ ಹತ್ತು ಮೀನು ಬಿಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಫಿಲ್ಟರಿಗೆ ತುಂಬಲು ಪೇಟೆಯಿಂದ ಸೆರಾಮಿಕ್ ಉಂಗುರಗಳನ್ನು ತರಬೇಕು, ಅದಕ್ಕೆ ತಲಾ ಇಪ್ಪತ್ತು ರೂಪಾಯಿ ಚಂದಾ ಎತ್ತಬೇಕು ಎಂದು ಇನ್ನು ಕೆಲವರು. ಎರಡನ್ನೂ ಸ್ವಲ್ಪ ತಡೆಯಿರಿ ಎಂದು ಕೇಳಿಕೊಳ್ಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪಿನಿಂದ ನಮ್ಮ ಮನೆಯಲ್ಲಿ ನಾಲ್ಕು ಮೀನು ಸತ್ತಿವೆ. ಶಾಲೆಯಲ್ಲಿ ಹಾಗಾಗುವುದು ಬೇಡ.

ಕಳೆದ ವರ್ಷ ಜಾತ್ರೆಯಲ್ಲಿ ನನ್ನ ತಮ್ಮ ಹಟ ಹಿಡಿದು ನಾಲ್ಕು ಗೋಲ್ಡ್ ಫಿಶ್ ಕೊಡಿಸಿಕೊಂಡ. ಎರಡು ದಿನ ಅವು ಸ್ಟೀಲ್ ಬೇಸಿನ್ನಿನಲ್ಲಿದ್ದವು. ಆಮೇಲೆ ಅಪ್ಪ ಕೊಬ್ಬರಿ ಹಾಕಲು ತಿಪಟೂರಿಗೆ ಹೋದವರು ಬರುವಾಗ ಒಂದು ಸಣ್ಣ ಗಾಜಿನ ತೊಟ್ಟಿ, ಗಾಳಿ ಊದುವ ಪಂಪು ಮತ್ತು ಮೂಲೆಯಲ್ಲಿ ಇಡುವ ಪ್ಲಾಸ್ಟಿಕ್ ಡಬ್ಬಿಯ ಫಿಲ್ಟರು ತಂದುಕೊಟ್ಟರು. ಡಬ್ಬಿಯೊಳಗೆ ಬಿಳಿ ಹತ್ತಿಯಂಥದ್ದು ಇತ್ತು. ಹತ್ತಿ ಕೊಳೆಯಾದ ತಕ್ಷಣ ಬಿಸಾಡಿ ಹೊಸದು ಹಾಕಬೇಕು ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ನಾನು ಹಾಗೇ ಮಾಡಿದೆ. ನಾಲ್ಕು ದಿನಕ್ಕೊಮ್ಮೆ ಹತ್ತಿ ಬಿಸಾಡುವುದು, ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜುವುದು, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು. ನೀರು ಕನ್ನಡಿಯ ಹಾಗಿತ್ತು. ಬಂದವರೆಲ್ಲ ಹೊಗಳಿದರು.

ಒಂಬತ್ತನೇ ದಿನ ಒಂದು ಮೀನು ಸತ್ತಿತು. ಉಳಿದವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಇನ್ನೂ ಚೆನ್ನಾಗಿ ತೊಳೆಯಬೇಕೇನೋ ಎಂದು ನಾನು ಪ್ರತಿದಿನ ತೊಳೆಯಲು ಶುರುಮಾಡಿದೆ. ಎರಡು ವಾರ ತುಂಬುವಷ್ಟರಲ್ಲಿ ನಾಲ್ಕೂ ಹೋದವು. ತಮ್ಮ ಅವನ್ನು ದಾಸವಾಳದ ಗಿಡದ ಬುಡದಲ್ಲಿ ಹೂತು ಬಂದು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ.

ನೀರು ಅಷ್ಟು ತಿಳಿಯಾಗಿದ್ದರೂ ಯಾಕೆ ಸತ್ತವು ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, “ತಿಳಿ ನೀರಿನಲ್ಲಿ ಉಪ್ಪು ಕರಗಿದ್ದರೆ ಕಣ್ಣಿಗೆ ಕಾಣುತ್ತೇನಮ್ಮ?” ಅಂದರು. ಅಲ್ಲಿಂದ ನನ್ನ ಓದು ಶುರುವಾಯಿತು.

ಮೀನು ಉಸಿರಾಡುವ ಕಿವಿರುಗಳ ಮೂಲಕವೇ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ಅದರ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ, ಇವುಗಳಿಂದಲೂ ಅಮೋನಿಯಾ ಬರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪವೇ ಇದ್ದಾಗ ವಾಸನೆಯೂ ಗೊತ್ತಾಗಲ್ಲ. ಆದರೆ ಕಿವಿರನ್ನು ಸುಡುತ್ತದೆ. ಕೊಳವೆಬಾವಿಯ ನೀರಿನಂತೆ ಕ್ಷಾರದ ಗುಣ ಹೆಚ್ಚಿರುವ ನೀರಿನಲ್ಲಿ, ಅದೂ ಬೇಸಿಗೆಯಲ್ಲಿ, ಇದರ ವಿಷ ಇನ್ನೂ ಜಾಸ್ತಿ. ಕೆರೆಯಲ್ಲಿ ನೀರು ಅಪಾರ, ಮೀನು ಕಡಿಮೆ. ಹಾಗಾಗಿ ಅಲ್ಲಿ ತೊಂದರೆಯಿಲ್ಲ. ಮೂವತ್ತು ಲೀಟರಿನ ತೊಟ್ಟಿಯಲ್ಲಿ ಮೀನು ತನ್ನ ಕೊಳೆಯಲ್ಲೇ ಬದುಕಬೇಕು.

ಈ ಅಮೋನಿಯಾವನ್ನು ತಿನ್ನುವವರೂ ಇದ್ದಾರೆ, ಬ್ಯಾಕ್ಟೀರಿಯಾಗಳು. ಸಾರಜನಕ ಚಕ್ರದ ಪಾಠ ಓದುವಾಗ ನಾವೆಲ್ಲ ಬಾಣದ ಗುರುತು ಹಾಕಿ ಚಿತ್ರ ಬರೆದದ್ದೇ ಬರೆದದ್ದು. ಆ ಬಾಣದ ಗುರುತು ನಮ್ಮನೆ ತೊಟ್ಟಿಯೊಳಗೂ ಇದೆ ಎಂದು ನನಗೆ ಹೊಳೆದಿರಲಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಅದು ಮೀನಿನ ರಕ್ತ ಸೇರಿದರೆ ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯವಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದರೆ ಸಾಕು. ಚೆಲ್ಲುವ ನೀರನ್ನು ಗಿಡಕ್ಕೆ ಹಾಕಿದರೆ ಗೊಬ್ಬರ. ನಮ್ಮ ಕರಿಬೇವಿನ ಗಿಡ ಈಗ ನೋಡಬೇಕು ನೀವು!

ಇದು ಎರಡು ಹಂತದ ಕೆಲಸ ಎಂದು 1890ರ ಸುಮಾರಿಗೆ ಕಂಡುಹಿಡಿದವರು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ. ಎರಡನೇ ಹಂತ ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಬಹಳ ಪುಸ್ತಕಗಳಲ್ಲಿದೆ. ಆದರೆ 1998ರಲ್ಲಿ ಅಮೆರಿಕದ ಸಂಶೋಧಕರು ಸಿಹಿನೀರಿನ ಅಕ್ವೇರಿಯಂಗಳನ್ನು ಪರೀಕ್ಷಿಸಿದಾಗ ಅಲ್ಲಿ ಆ ಕೆಲಸ ಮಾಡುತ್ತಿದ್ದುದು ನೈಟ್ರೊಸ್ಪೈರಾ ಎಂಬ ಬೇರೆ ಗುಂಪು ಎಂದು ಗೊತ್ತಾಯಿತು. ಆ ಗುಂಪಿನಲ್ಲಿ ಕೆಲವು ಎರಡೂ ಹಂತಗಳನ್ನು ಒಂಟಿಯಾಗಿಯೇ ಮಾಡಬಲ್ಲವು ಎಂಬುದು ತಿಳಿದದ್ದು 2015ರಲ್ಲಿ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ!

ನಮಗೆ ಬೇಕಾದ ಮುಖ್ಯ ವಿಷಯ ಇದು: ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡು ಇರುವುದು ಕಡಿಮೆ. ಯಾವುದಾದರೂ ವಸ್ತುವಿಗೆ ಲೋಳೆಯ ಹಾಗೆ ಅಂಟಿಕೊಂಡು ಬದುಕುತ್ತವೆ. ಬೆಳೆಯುವುದು ಬಹಳ ನಿಧಾನ. ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದಂತೆ. ಇವಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹೊಸ ತೊಟ್ಟಿಯಲ್ಲಿ ಸಾಕಷ್ಟು ಆಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾನು ನಾಲ್ಕು ದಿನಕ್ಕೊಮ್ಮೆ ಬಿಸಾಡುತ್ತಿದ್ದ ಹತ್ತಿಯಲ್ಲಿ ಇದ್ದದ್ದು ಅವೇ. ಮೇಲಿಂದ ನಲ್ಲಿಯ ನೀರು. ಪಂಚಾಯ್ತಿಯವರು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದರಲ್ಲಿರುವ ಕ್ಲೋರಿನ್ ಕೆಲಸವೇ ಬ್ಯಾಕ್ಟೀರಿಯಾ ಕೊಲ್ಲುವುದು. ನಮಗೆ ಒಳ್ಳೆಯದು, ಫಿಲ್ಟರಿಗೆ ಕೆಟ್ಟದ್ದು. ಮೀನಿನ ಕಿವಿರಿಗೂ ಕೆಟ್ಟದ್ದು.

ಇದನ್ನು ಮನೆಯಲ್ಲಿ ವಿವರಿಸುತ್ತಿದ್ದಾಗ ಅಜ್ಜಿ ತೆಂಗಿನಕಾಯಿ ತುರಿಯುತ್ತಾ ಕೇಳಿಸಿಕೊಂಡರು. “ಅಷ್ಟೇನೇ? ಹೆಪ್ಪಿನ ಬಟ್ಟಲನ್ನ ದಿನಾ ತಿಕ್ಕಿ ತೊಳೆದಿಟ್ಟು, ಮೊಸರಾಗ್ಲಿಲ್ಲ ಅಂತ ಅತ್ತಿದ್ದೀಯ ನೀನು” ಅಂದರು. ನಾನು ಮೂರು ಪುಟ ಟಿಪ್ಪಣಿ ಬರೆದುಕೊಂಡಿದ್ದೆ!

ಹಾಗಾದರೆ ಫಿಲ್ಟರ್ ಎಂದರೆ ಟೀ ಸೋಸುವ ಜಾಲರಿ ಅಲ್ಲ, ಬ್ಯಾಕ್ಟೀರಿಯಾಗಳಿಗೆ ಕಟ್ಟಿಕೊಟ್ಟ ಮನೆ. ಕಸ ಸೋಸುವುದು ಅದರ ಎರಡನೇ ಕೆಲಸ. ಮನೆ ಎಂದ ಮೇಲೆ ಗೋಡೆ ಬೇಕು. ಗೋಡೆ ಅಂದರೆ ಇಲ್ಲಿ ಮೇಲ್ಮೈ. ನಮ್ಮ ಗಣಿತದಲ್ಲೇ ಇದೆ ನೋಡಿ. ಹತ್ತು ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಘನದ ಮೇಲ್ಮೈ 600 ಚದರ ಸೆಂ.ಮೀ. ಅದನ್ನೇ ಒಂದೊಂದು ಸೆಂ.ಮೀ.ನ ಚೂರು ಮಾಡಿದರೆ 1000 ಚೂರು. ಒಂದೊಂದಕ್ಕೆ 6 ಚದರ ಸೆಂ.ಮೀ. ಒಟ್ಟು 6000. ವಸ್ತು ಅಷ್ಟೇ, ಮೇಲ್ಮೈ ಹತ್ತು ಪಟ್ಟು. ಹಾಗಂತ ಪುಡಿಪುಡಿ ಮಾಡಿ ಮರಳೇ ತುಂಬಿಬಿಟ್ಟರೆ ಮೇಲ್ಮೈ ಇನ್ನೂ ಹೆಚ್ಚಾಗುತ್ತದೆ, ಆದರೆ ನಮ್ಮ ಸಣ್ಣ ಪಂಪಿಗೆ ನೀರು ಅದರ ಮೂಲಕ ಹಾಯುವುದಿಲ್ಲ. ನೀರು ಹಾಯದ ಕಡೆ ಆಮ್ಲಜನಕ ಇಲ್ಲ, ಆಮ್ಲಜನಕ ಇಲ್ಲದ ಕಡೆ ಈ ಬ್ಯಾಕ್ಟೀರಿಯಾ ಬದುಕಲ್ಲ. ಮೇಲ್ಮೈ ಇರಬೇಕು, ಸಂದೂ ಇರಬೇಕು. ಜೊತೆಗೆ ಆ ವಸ್ತು ಕೊಳೆಯಬಾರದು, ನೀರಿಗೆ ಏನನ್ನೂ ಬಿಡಬಾರದು.

ದುಡ್ಡು ಕೊಡದೆ ಸಿಗುವ ಸಾಮಾನುಗಳಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತೆಂಗಿನ ನಾರು. ನಮ್ಮ ಸೀಮೆಯಲ್ಲಿ ಮಟ್ಟೆಗೇನು ಬರ? ನಾರು ಬಿಡಿಸಿ ನೋಡಿದರೆ ಮೇಲ್ಮೈಗೂ ಕೊರತೆಯಿಲ್ಲ. ಮೀನಿಲ್ಲದ ಬಕೆಟಿನಲ್ಲಿ ಹಾಕಿ ಪರೀಕ್ಷೆ ಮಾಡಿದೆ (ಈ ಸಲ ಬುದ್ಧಿ ಬಂದಿತ್ತು). ಮೂರನೇ ದಿನಕ್ಕೆ ನೀರು ಡಿಕಾಕ್ಷನ್ ಬಣ್ಣಕ್ಕೆ ಬಂತು. ನಾಲ್ಕು ಸಲ ನೀರು ಬದಲಾಯಿಸಿದರೂ ಬಣ್ಣ ಬಿಡುವುದು ನಿಲ್ಲಲಿಲ್ಲ. ಮೂರು ವಾರಕ್ಕೆ ನಾರಿನ ನಡುವಿನ ಪುಡಿ ಮೆತ್ತಗಾಗಿ ಕೆಟ್ಟ ವಾಸನೆ. ಕೊಳೆಯುವ ವಸ್ತು ನೀರಿನ ಆಮ್ಲಜನಕವನ್ನು ತಾನೇ ತಿಂದುಬಿಡುತ್ತದೆ. ಒಣಗಿದ ಹೀರೆಕಾಯಿಯ ನಾರೂ ಇದೇ ಜಾತಿ. ನಿಜವಾದ ಹತ್ತಿಯೂ ಅಷ್ಟೇ. ಪೇಟೆಯಲ್ಲಿ ಕೊಡುವ ಬಿಳಿಯದು ಹತ್ತಿಯಲ್ಲ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಎಳೆ. ಅದು ಕೊಳೆಯುವುದಿಲ್ಲ, ಆದರೆ ಬೇಗ ಕಟ್ಟಿಕೊಳ್ಳುತ್ತದೆ.

ಇದ್ದಿಲಿನ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಅಂಗಡಿಯಲ್ಲಿ ಸಿಗುವ ಕ್ರಿಯಾಶೀಲ ಇಂಗಾಲವನ್ನು ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿಯೋ ರಾಸಾಯನಿಕ ಬಳಸಿಯೋ ಮಾಡುತ್ತಾರೆ. ಅದರ ಒಂದು ಗ್ರಾಂನಲ್ಲಿ 500 ಚದರ ಮೀಟರಿಗಿಂತ ಹೆಚ್ಚು ಒಳಮೈ ಇರುತ್ತದೆ. ನಮ್ಮ ಒಲೆಯ ಇದ್ದಿಲು ಅದಲ್ಲ. ಅದೂ ಅಲ್ಲದೆ, ಇಂಗಾಲ ಬಣ್ಣ, ವಾಸನೆ, ಔಷಧಿ ಹೀರುತ್ತದೆಯೇ ಹೊರತು ಅಮೋನಿಯಾವನ್ನು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಕೆಲವು ವಾರದಲ್ಲಿ ಅದರ ಶಕ್ತಿಯೂ ಮುಗಿಯುತ್ತದೆ. ನಮಗೆ ಬೇಡ.

ಹಳೇ ಹೆಂಚಿನ ಚೂರು ಚೆನ್ನಾಗಿದೆ. ನಮ್ಮ ಹಟ್ಟಿಯ ಹಿಂದೆ ಒಡೆದ ಮಂಗಳೂರು ಹೆಂಚಿನ ರಾಶಿಯೇ ಇತ್ತು. (ಈ ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಶುರುಮಾಡಿದರು.) ಸುಟ್ಟ ಮಣ್ಣು ಕೊಳೆಯಲ್ಲ, ಒರಟಾಗಿರುವುದರಿಂದ ಲೋಳೆ ಚೆನ್ನಾಗಿ ಅಂಟುತ್ತದೆ. ಅಂಗಡಿಯ ಸೆರಾಮಿಕ್ ಉಂಗುರವೂ ಸುಟ್ಟ ಮಣ್ಣಿನ ಅಣ್ಣತಮ್ಮನೇ. ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಅಡಿಕೆ ಗಾತ್ರದ ಚೂರು ಆರಿಸಿಕೊಂಡೆ. ಕುಟ್ಟುವಾಗ ಕಣ್ಣು ಜೋಪಾನ. ನೀರು ಕೆಂಪಗಾಗುವುದು ನಿಲ್ಲುವವರೆಗೆ ತೊಳೆದು ಎರಡು ದಿನ ನೆನೆಹಾಕಿದೆ. ಮಡಕೆಯ ಬೋಕಿಯೂ ಆಗುತ್ತದೆ. ಆದರೆ ಬಣ್ಣ ಬಳಿದ ಹೆಂಚು, ಸಿಮೆಂಟ್ ಅಥವಾ ಸುಣ್ಣದ ಗಾರೆ ಅಂಟಿದ ಚೂರು ಬೇಡ. ಕೈಗೆ ಸಿಕ್ಕಿದ ಕಲ್ಲು ಸುಣ್ಣಕಲ್ಲೋ ಅಲ್ಲವೋ ನೋಡಬೇಕಾದರೆ ಸ್ವಲ್ಪ ಕೆರೆದು ಆ ಪುಡಿಯ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಅದು ಬೇಡ, ನಮ್ಮ ಗಡಸು ನೀರನ್ನು ಇನ್ನೂ ಗಡಸು ಮಾಡುತ್ತದೆ. ರಸ್ತೆಯ ಜಲ್ಲಿಯಿಂದ ಅಪಾಯವಿಲ್ಲ, ಆದರೆ ಹೆಂಚಿನಷ್ಟು ಒರಟಲ್ಲ, ಭಾರ ಬೇರೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರ್, ಬಣ್ಣಬಣ್ಣದ ಬಲೆಯ ಉಂಡೆಯ ಹಾಗಿರುತ್ತದಲ್ಲ, ಅದು. ಸಂತೆಯಲ್ಲಿ ಹತ್ತು ರೂಪಾಯಿಗೆ ಒಂದು ಸಿಕ್ಕಿತು. ಹಗುರ, ಕೊಳೆಯಲ್ಲ, ನೀರು ಸರಾಗವಾಗಿ ಹಾಯುತ್ತದೆ, ಬೇಗ ಕಟ್ಟಿಕೊಳ್ಳಲ್ಲ. ಕೊಳ್ಳುವಾಗ ಮೂರು ಎಚ್ಚರ. ಸ್ಟೀಲಿನದು ಬೇಡ, ತುಕ್ಕು ಬಿಡಬಹುದು. ಸೋಪು ಸೇರಿಸಿರುವುದು ಬೇಡ. ‘ಕ್ರಿಮಿನಾಶಕ’ ಎಂದು ಚೀಟಿಯಲ್ಲಿ ಬರೆದಿರುವ ಸ್ಪಂಜಂತೂ ಬೇಡವೇ ಬೇಡ, ನಾವು ಸಾಕಬೇಕೆಂದಿರುವುದೇ ಆ ಕ್ರಿಮಿಗಳನ್ನು! ಅಡುಗೆಮನೆಯಲ್ಲಿ ಬಳಸಿದ ಹಳೆಯದೂ ಆಗದು, ಎಷ್ಟು ತೊಳೆದರೂ ಸೋಪು ಉಳಿದಿರುತ್ತದೆ.

ಈಗ ಸೆರಾಮಿಕ್ ಉಂಗುರದ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಅರ್ಧ ಕೆ.ಜಿ.ಗೆ ಇನ್ನೂರೈವತ್ತು ರೂಪಾಯಿ ಹೇಳಿದರು. ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮ ರಂಧ್ರಗಳಿವೆ, ಮೇಲ್ಮೈ ಬಹಳ ಎಂದು ಡಬ್ಬದ ಮೇಲೆ ಬರೆದಿತ್ತು. ಸುಳ್ಳಲ್ಲ. ಆದರೆ ಒಂದು ಬ್ಯಾಕ್ಟೀರಿಯಾ ಸುಮಾರು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿದೆ. ಅದಕ್ಕಿಂತ ಸಣ್ಣ ರಂಧ್ರದೊಳಗೆ ಅದು ಹೋಗುವುದು ಹೇಗೆ? ಹೋಗುವಂಥ ರಂಧ್ರವೂ ಕೆಲವೇ ವಾರದಲ್ಲಿ ಲೋಳೆಯಿಂದ ಮುಚ್ಚಿಕೊಂಡರೆ ಒಳಗೆ ಹೊಸ ನೀರು ಹೋಗುವುದಿಲ್ಲ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮನೆ ದೊಡ್ಡದು ಕಟ್ಟಿದ ಮಾತ್ರಕ್ಕೆ ಒಳಗೆ ಜನ ಹೆಚ್ಚಾಗ್ತಾರಾ? ಊಟ ಇದ್ದಷ್ಟೇ ಜನ. ಬ್ಯಾಕ್ಟೀರಿಯಾಗಳಿಗೆ ಊಟ ಅಂದರೆ ಮೀನು ಬಿಡುವ ಅಮೋನಿಯಾ. ಆರೇಳು ಸಣ್ಣ ಮೀನಿನ ಅಮೋನಿಯಾಕ್ಕೆ ಐದು ಸ್ಕ್ರಬ್ಬರ್ ಮತ್ತು ಎರಡು ಹಿಡಿ ಹೆಂಚಿನ ಚೂರು ನಮ್ಮ ಮನೆಯಲ್ಲಿ ಧಾರಾಳವಾಗಿ ಸಾಕಾಗಿದೆ. ಉಂಗುರ ತಂದರೂ ಅಷ್ಟೇ ಬ್ಯಾಕ್ಟೀರಿಯಾ ಇರುತ್ತಿತ್ತು. ನೂರಾರು ಮೀನು ಸಾಕುವವರು, ಜಾಗ ಸಾಲದವರು ತರಲಿ. ನಮಗೆ ಆ ದುಡ್ಡು ದಂಡ.

ನಮ್ಮ ಮನೆಯಲ್ಲಿ ಈಗಲೂ ಅದೇ ಡಬ್ಬಿಯೇ ಇದೆ. ತಳದಲ್ಲಿ ಹೆಂಚಿನ ಚೂರು, ಮೇಲೆ ಸ್ಕ್ರಬ್ಬರ್, ಅದರ ಮೇಲೆ ತೆಳ್ಳಗೆ ಒಂದು ಪದರ ಪಾಲಿಯೆಸ್ಟರ್ ಎಳೆ, ಕಸ ಹಿಡಿಯಲಿ ಅಂತ. ನಡುವೆ ಕೊಳವೆ. ಕೊಳವೆಯ ತಳಕ್ಕೆ ಗಾಳಿ ಬಿಟ್ಟರೆ ಗುಳ್ಳೆಗಳು ಮೇಲೇರುವಾಗ ನೀರನ್ನೂ ಎತ್ತಿಕೊಂಡು ಹೋಗುತ್ತವೆ. ಆ ಜಾಗ ತುಂಬಲು ಮೇಲಿನಿಂದ ನೀರು ಸ್ಕ್ರಬ್ಬರ್, ಹೆಂಚುಗಳ ನಡುವೆ ಇಳಿಯುತ್ತದೆ. (ಚಿತ್ರ ಬರೆಯಲು ಹಾಳೆಯಲ್ಲಿ ಜಾಗ ಉಳಿಯಲಿಲ್ಲ, ಕ್ಷಮಿಸಿ.) ಪಂಪಿನ ಮೇಲೆ 3 ವ್ಯಾಟ್ ಎಂದಿದೆ. ದಿನವಿಡೀ ಓಡಿದರೆ ತಿಂಗಳಿಗೆ 3 × 24 × 30 = 2160 ವ್ಯಾಟ್ ಗಂಟೆ, ಅಂದರೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಅಪ್ಪ ಈ ಲೆಕ್ಕ ನೋಡಿದ ಮೇಲೇ ರಾತ್ರಿ ಆರಿಸು ಅನ್ನುವುದನ್ನು ಬಿಟ್ಟರು.

ಕರೆಂಟಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ನಮ್ಮೂರಲ್ಲಿ ಕರೆಂಟು ಹೋದರೆ ಎಷ್ಟೊತ್ತಿಗೆ ಬರುತ್ತೆ ಎಂದು ಹೇಳುವವರು ಯಾರು? ಪಂಪು ನಿಂತಾಗ ತೊಟ್ಟಿಯ ನೀರು ಗಾಳಿಯ ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಬರಬಹುದು. ಪಂಪು ಹಾಳು, ಶಾಕ್ ಹೊಡೆಯುವ ಭಯ ಬೇರೆ. ಆದ್ದರಿಂದ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ಹಲಗೆಯ ಮೇಲೆ ಇಡಬೇಕು. ಇನ್ನೊಂದು, ಕರೆಂಟು ಇಲ್ಲದಾಗ ಹೊರಗಿಡುವ ಮುಚ್ಚಿದ ಫಿಲ್ಟರಿನಲ್ಲಿ ನೀರು ನಿಂತು ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ತೊಟ್ಟಿಯೊಳಗೇ ಇರುವ ತೆರೆದ ಸ್ಕ್ರಬ್ಬರ್ ಅಥವಾ ಸ್ಪಂಜಿಗೆ ಆ ಕಷ್ಟ ಕಡಿಮೆ. ದುಬಾರಿ ಫಿಲ್ಟರ್ ನಮ್ಮೂರಿಗೆ ಒಗ್ಗದಿರುವುದಕ್ಕೆ ಇದೂ ಒಂದು ಕಾರಣ.

ತೊಳೆಯುವ ವಿಷಯ. ನೀರಿನ ಓಟ ಕಡಿಮೆಯಾದಾಗ ಮಾತ್ರ, ಅದೂ ತಿಂಗಳಿಗೊಮ್ಮೆ ಆದರೆ ಹೆಚ್ಚು. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಎರಡು ಸಲ ಅದ್ದಿ ಅಲುಗಿಸಿ ತೆಗೆಯುವುದು, ಅಷ್ಟೇ. ಕಂದು ಬಣ್ಣ ಉಳಿದರೆ ಉಳಿಯಲಿ. ಮೇಲಿನ ಬಿಳಿ ಎಳೆ ಬದಲಾಯಿಸಿದ ದಿನ ಸ್ಕ್ರಬ್ಬರ್ ಮುಟ್ಟಬಾರದು. ತೊಟ್ಟಿಗೆ ಹಾಕುವ ಹೊಸ ನೀರನ್ನು ಬಾಯಗಲದ ಬಕೆಟಿನಲ್ಲಿ ಒಂದು ದಿನ ಬಿಸಿಲಿಗೆ ಇಟ್ಟರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹಾರಿಹೋಗುತ್ತದೆ. ಆಮೇಲೆ ನೆರಳಿನಲ್ಲಿ ಆರಿಸಿ ಹಾಕಬೇಕು.

ಈಗ ನಮ್ಮ ಮನೆಯಲ್ಲಿರುವುದು ಗಪ್ಪಿ ಮೀನು. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಊರಿನ ಕಲ್ಲುತೊಟ್ಟಿಗೆ ಬಿಟ್ಟದ್ದರಲ್ಲಿ ಕೇಳಿ ತಂದದ್ದು. ಐದು ತಂದೆವು, ಒಂದು ಸತ್ತಿತು, ನಾಲ್ಕು ಉಳಿದವು. ಅವು ಮರಿ ಹಾಕಿದ ದಿನ ತಮ್ಮ ಬೀದಿಯವರನ್ನೆಲ್ಲ ಕರೆದು ತಂದಿದ್ದ.

ಶಾಲೆಯ ತೊಟ್ಟಿಯನ್ನು ಅಳೆದಿದ್ದೇನೆ. ಉದ್ದ 60, ಅಗಲ 30, ನೀರಿನ ಎತ್ತರ 25 ಸೆಂ.ಮೀ. ಇಟ್ಟರೆ 45 ಲೀಟರ್ ನೀರು. ನನ್ನ ಸಲಹೆ ಹೀಗಿದೆ. ಆರು ವಾರ ಕಾಯುವ ತಾಳ್ಮೆ ನಮ್ಮ ತರಗತಿಗೆ ಇಲ್ಲ, ನನಗೂ ಇಲ್ಲ. ಹೆಪ್ಪು ಹಾಕೋಣ. ನಮ್ಮ ಮನೆ ಫಿಲ್ಟರಿನ ಐದು ಸ್ಕ್ರಬ್ಬರಿನಲ್ಲಿ ಎರಡನ್ನು, ಒಂದು ಹಿಡಿ ಹೆಂಚಿನ ಚೂರನ್ನು ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಡಬ್ಬದಲ್ಲಿ ತರುತ್ತೇನೆ, ದಾರಿಯಲ್ಲಿ ಒಣಗಬಾರದು. ಜೊತೆಗೆ ಮೂರು ಹೊಸ ಸ್ಕ್ರಬ್ಬರ್ ಸೇರಿಸೋಣ. ಅವತ್ತು ಹತ್ತಲ್ಲ, ಮೂರೇ ಗಪ್ಪಿ. ಆಹಾರ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮಧ್ಯಾಹ್ನದ ಅನ್ನ ಯಾರೂ ಹಾಕಕೂಡದು. ಚಂದಾ ಎತ್ತುವುದೇ ಆದರೆ ಆ ದುಡ್ಡಿನಲ್ಲಿ ಅಮೋನಿಯಾ ಪರೀಕ್ಷಿಸುವ ಹನಿಯ ಬಾಟಲು ತರೋಣ. ಸಾಮಾನ್ಯವಾಗಿ ಹಳದಿ ಇದ್ದರೆ ಅಮೋನಿಯಾ ಇಲ್ಲ, ಹಸಿರಾದಷ್ಟೂ ಹೆಚ್ಚು. ದಿನಾ ಪ್ರಾರ್ಥನೆ ಆದ ಮೇಲೆ ಒಬ್ಬೊಬ್ಬರು ಪರೀಕ್ಷೆ ಮಾಡಿ ಕರಿಹಲಗೆಯ ಮೂಲೆಯಲ್ಲಿ ಬರೆಯಬೇಕು. ಹಸಿರು ಕಂಡ ದಿನ ಕಾಲು ಭಾಗ ನೀರು ಬದಲಾಯಿಸುವುದು, ಆಹಾರ ನಿಲ್ಲಿಸುವುದು. ನಾಲ್ಕು ವಾರ ಹಳದಿಯೇ ಇದ್ದರೆ ಉಳಿದ ಮೀನು ಬಿಡೋಣ.

ಶನಿವಾರಕ್ಕೆ ನೀರು ಬೇಕಾದರೆ ಶುಕ್ರವಾರ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ನಾಲ್ಕು ಬಕೆಟ್ ತುಂಬಿಸಿ ಅಂಗಳದ ಬಿಸಿಲಿನಲ್ಲಿ ಇಡಬೇಕು. ನಾಲ್ಕು ಜನ ಬೇಕಾಗಿದ್ದಾರೆ. ಬರುವವರು ಈ ಹಾಳೆಯ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಯಿರಿ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ